ಹತ್ತು ಮೊಳದ ಒಳಗೆ ನಿಂತವರು

ಯಾವುದರಿಂದ ಎಷ್ಟು ದೂರ ಇರಬೇಕೆಂದು ಲೆಕ್ಕ ಹೇಳುವ ಸಂಸ್ಕೃತ ಸುಭಾಷಿತವೊಂದಿದೆ. ಗಾಡಿಯಿಂದ ಐದು ಮೊಳ, ಕುದುರೆಯಿಂದ ಹತ್ತು ಮೊಳ, ಆನೆಯಿಂದ ಅದರ ಎಷ್ಟೋ ಪಟ್ಟು ದೂರ. ದುರ್ಜನನಿಂದ ತಪ್ಪಿಸಿಕೊಳ್ಳಬೇಕಾದರೆ ದೇಶವನ್ನೇ ಬಿಡಬೇಕು. ಕೇಳಿದವರಿಗೆ ಕೊನೆಯ ಮಾತಿನ ಕುಟುಕು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಆದರೆ ನಡುವೆ ಬರುವ ಕುದುರೆಯ ಲೆಕ್ಕವೂ ಸರಿಯಾಗಿಯೇ ಇದೆ. ಮೊಳವೆಂದರೆ ಸುಮಾರು ಒಂದೂವರೆ ಅಡಿ. ಹತ್ತು ಮೊಳಕ್ಕೆ ಹದಿನೈದು ಅಡಿ. ಕುದುರೆ ಬೆಚ್ಚಿ ಒಂದೆರಡು ಹೆಜ್ಜೆ ಹಿಂದೆ ಸರಿದು ಒದ್ದರೂ ಅಷ್ಟು ದೂರಕ್ಕೆ ಗೊರಸು ತಾಗುವುದಿಲ್ಲ.

ಈ ಬುದ್ಧಿಮಾತು ದಾರಿಹೋಕನಿಗೆ ಹೇಳಿದ್ದು. ಅವನು ದೂರ ಸರಿದು ಹೋಗಬಲ್ಲ. ಲಾಯದಲ್ಲಿ ದುಡಿಯುವವನ ಪಾಡು ಬೇರೆ. ಬೇಯಿಸಿದ ಹುರುಳಿ ತಿನ್ನಿಸಬೇಕು, ಮೈ ಉಜ್ಜಬೇಕು, ಕಾಲೆತ್ತಿ ಗೊರಸಿನ ಸಂದಿಯ ಕಲ್ಲುಮಣ್ಣು ಕೆರೆಯಬೇಕು, ಬಾಯಿಗೆ ಕಡಿವಾಣ ತೊಡಿಸಬೇಕು, ಹೊಟ್ಟೆಯ ಕೆಳಗೆ ಕೈ ಹಾಕಿ ಜೀನಿನ ಪಟ್ಟಿ ಬಿಗಿಯಬೇಕು, ಹಿಂಗಾಲ ಬಳಿಯ ಲದ್ದಿ ಬಾಚಬೇಕು. ಅವನ ಕೆಲಸವೆಲ್ಲ ಒಂದು ಮೊಳದ ಒಳಗೇ ನಡೆಯುತ್ತದೆ. ಅಲ್ಲಿ ಎಲ್ಲಿ ನಿಂತರೆ ಮೈಮೂಳೆ ಉಳಿಯುತ್ತದೆ ಎಂಬುದನ್ನು ಆ ಸುಭಾಷಿತ ಹೇಳುವುದಿಲ್ಲ.

ಕರ್ನಾಟಕದ ಇತಿಹಾಸದ ತುಂಬ ಕುದುರೆಗಳಿವೆ. ನಾವು ಅವನ್ನು ಹೆಚ್ಚಾಗಿ ಜೀನಿನ ಮೇಲೆ ಕುಳಿತು ನೋಡಿದ್ದೇವೆ: ರಾವುತ, ದಳಪತಿ, ದೊರೆ. ಇಳಿದು, ನೆಲದ ಮೇಲೆ ಕುದುರೆಯ ಪಕ್ಕದಲ್ಲಿ ನಿಂತು ನೋಡಿದರೆ ಅದೇ ಇತಿಹಾಸ ಬೇರೆಯಾಗಿ ಕಾಣುತ್ತದೆ. ಅಲ್ಲಿ ಒಂದು ದೊಡ್ಡ ವಿದ್ಯೆಯಿತ್ತು. ಅದನ್ನು ಬಲ್ಲವರು ಬರೆಯುತ್ತಿರಲಿಲ್ಲ. ಬರೆಯುತ್ತಿದ್ದವರಿಗೆ ಅದರ ಅಗತ್ಯ ಬೀಳುತ್ತಿರಲಿಲ್ಲ.

ಕುದುರೆ ನಮ್ಮ ನೆಲದಲ್ಲಿ ಸುಲಭವಾಗಿ ಬೆಳೆದ ಪ್ರಾಣಿಯಲ್ಲ. ರಷ್ಯದ ವರ್ತಕ ಅಫನಾಸಿ ನಿಕಿತಿನ್ 1469ರ ಹೊತ್ತಿಗೆ ದಖ್ಖನಿಗೆ ಬಂದಾಗ ಮಾರಾಟಕ್ಕೆಂದು ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ತಂದಿದ್ದ. ಜುನ್ನರಿನ ಅಧಿಕಾರಿ ಅದನ್ನು ಕಿತ್ತುಕೊಂಡ; ಹೇಗೋ ಮರಳಿ ಪಡೆದ ನಿಕಿತಿನ್ ಕೊನೆಗೆ ಅದನ್ನು ಮಾರಿದ್ದು ಬಹಮನಿಗಳ ರಾಜಧಾನಿ ಬೀದರಿನಲ್ಲಿ. ಈ ದೇಶದಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆಗಳೇ ಹುಟ್ಟುವುದು ಎಂದು ಅವನು ಬರೆದುಕೊಂಡ. ಕುದುರೆಗೆ ಇಲ್ಲಿ ಕಾಳು ಹಾಕುತ್ತಾರೆ, ಕಿಚಡಿಯಂಥದ್ದನ್ನು ಬೇಯಿಸಿ ತಿನ್ನಿಸುತ್ತಾರೆ ಎಂಬುದನ್ನೂ ಸೋಜಿಗದಿಂದ ಗುರುತಿಸಿದ.

ವಿಜಯನಗರದ ಕಾಲಕ್ಕೆ ಈ ವ್ಯಾಪಾರ ರಾಜ್ಯದ ಉಸಿರೇ ಆಗಿತ್ತು. ಅರಸ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುತ್ತಾನೆ. ಹೊರ್ಮುಜಿನಿಂದ ಬಂದವೂ ನಾಡಿನ ತಳಿಗಳೂ ಅದರಲ್ಲಿ ಸೇರಿದ್ದವು. ಸಾಳುವ ನರಸಿಂಹನ ಬಗ್ಗೆ ಅವನು ಹೇಳುವ ಮಾತು ಇನ್ನೂ ವಿಚಿತ್ರ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅರಸ ಜೀವಂತ ಕುದುರೆಗೆ ಕೊಡುವಷ್ಟೇ ಹಣ ಕೊಡುತ್ತಿದ್ದನಂತೆ. ವರ್ತಕರು ಬೇರೆ ರೇವಿಗೆ ಹೋಗದಿರಲಿ ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದಿರಬೇಕು.

ಈ ಕಥೆಯನ್ನು ಇತಿಹಾಸದ ಪಾಠಗಳಲ್ಲಿ ಹಣದ ಕಥೆಯಾಗಿ ಹೇಳುತ್ತಾರೆ. ಗೋವೆಯಲ್ಲೋ ಭಟ್ಕಳದಲ್ಲೋ ಹಡಗು ನಿಂತ ದಿನವನ್ನು ಒಮ್ಮೆ ಊಹಿಸಿಕೊಳ್ಳಿ. ವಾರಗಟ್ಟಲೆ ಹಡಗಿನ ಒಡಲಲ್ಲಿ ಕಟ್ಟಿಹಾಕಿಸಿಕೊಂಡು, ಸರಿಯಾಗಿ ನೀರು ಮೇವು ಕಾಣದೆ, ಪಕ್ಕದ ಕುದುರೆ ಸತ್ತದ್ದನ್ನು ಮೂಸಿ ಬಂದ ಪ್ರಾಣಿ. ಅದಕ್ಕೆ ಈ ಬಿಸಿಲು ಹೊಸದು, ಈ ವಾಸನೆ ಹೊಸದು, ಈ ಭಾಷೆಯ ಕೂಗು ಹೊಸದು. ಅದನ್ನು ಹಗ್ಗ ಹಿಡಿದು ಕೆಳಗಿಳಿಸಿ, ಘಟ್ಟ ಹತ್ತಿಸಿ ಹಂಪೆಗೆ ನಡೆಸಬೇಕು. ಆ ಕೆಲಸ ಮಾಡಿದ ಒಬ್ಬನ ಹೆಸರೂ ನಮಗೆ ಗೊತ್ತಿಲ್ಲ. ಎಷ್ಟು ಜನ ಇದ್ದರೆಂಬುದರ ಒಂದು ಸುಳಿವನ್ನು ಮಾತ್ರ ನೂನಿಜ್ ಕೊಡುತ್ತಾನೆ. ಅರಮನೆಯ ಸಂಬಳದ ಪಟ್ಟಿಯಲ್ಲಿ ಕುದುರೆ ನೋಡಿಕೊಳ್ಳುವವರು ಸಾವಿರದ ಆರುನೂರು ಮಂದಿ, ಪಳಗಿಸುವವರು ಮುನ್ನೂರು ಮಂದಿ. ಪಳಗಿಸುವವರಿಗಿಂತ ಐದು ಪಟ್ಟು ಹೆಚ್ಚು ಜನ ದಿನವೂ ಗೊರಸಿನ ಬಳಿ ಬಗ್ಗಿ ಕೆಲಸ ಮಾಡುತ್ತಿದ್ದರು.

ಹಂಪೆಯ ಶಿಲ್ಪಿ ಅವರನ್ನು ಬಿಟ್ಟಿಲ್ಲ. ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಹೊರನಾಡಿನ ಉಡುಪಿನ ಜನ ಕುದುರೆಗಳನ್ನು ನಡೆಸಿಕೊಂಡು ಬರುತ್ತಾರೆ. ಹಜಾರರಾಮ ಗುಡಿಯ ಹೊರಗೋಡೆಯ ಮೇಲೆ ಆನೆ, ಕಾಲಾಳು, ನರ್ತಕಿಯರ ಸಾಲುಗಳ ಜೊತೆಗೆ ಕುದುರೆಗಳ ಸಾಲೂ ಸಾಗುತ್ತದೆ. ಕುದುರೆಗಳೊಡನೆ ನೆಲದ ಮೇಲೆ ನಡೆಯುವ ಆಳುಗಳೂ ಇದ್ದಾರೆ. ಪ್ರವಾಸಿಗಳ ಕಣ್ಣು ಕುದುರೆಯ ಕತ್ತಿನ ಕೊಂಕಿಗೆ ಹೋಗುತ್ತದೆ. ಮುಂದಿನ ಸಲ ಹೋದಾಗ ಆಳಿನ ಕಾಲು ಎಲ್ಲಿದೆ, ಕೈ ಎಲ್ಲಿದೆ ಎಂದು ನೋಡಿ.

ಯಾಕೆಂದರೆ ನಿಲ್ಲುವ ಜಾಗದ ಗುಟ್ಟು ಕುದುರೆಯ ಕಣ್ಣಿನಲ್ಲಿದೆ. ಅದು ಬೇಟೆಗೆ ಸಿಕ್ಕಿ ಸಾಯುವ ಪ್ರಾಣಿಗಳ ವಂಶದ್ದು. ಕಣ್ಣುಗಳು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಮೈಸುತ್ತಲಿನ ಮುನ್ನೂರೈವತ್ತು ಡಿಗ್ರಿಯಷ್ಟು ಅದಕ್ಕೆ ಕಾಣುತ್ತದೆ. ಕಾಣದಿರುವುದು ಎರಡೇ ಕಡೆ: ನೇರ ಹಿಂದೆ, ಮತ್ತು ಹಣೆಯ ಮುಂದೆ ಮೂಗಿನ ಕೆಳಗೆ ಸ್ವಲ್ಪ ಜಾಗ. ಹಿಂದಿನಿಂದ ಸದ್ದಿಲ್ಲದೆ ಬಂದವನು ಕುದುರೆಯ ಪಾಲಿಗೆ ಚಿರತೆಯೇ. ಅದು ಯೋಚಿಸಿ ಒದೆಯುವುದಿಲ್ಲ. ಒದ್ದ ಮೇಲೆ ತಿರುಗಿ ನೋಡುತ್ತದೆ. ಎದುರಿಗೆ ನಿಂತು ಹಣೆ ಸವರಲು ಹೋದವನ ಕೈಯೂ ಅದಕ್ಕೆ ಕೊನೆಯ ಗಳಿಗೆಯಲ್ಲಿ ಮಾಯವಾಗುತ್ತದೆ. ಆಗ ತಲೆ ಎತ್ತಿ ಕೊಡವಿದರೆ ದವಡೆಗೆ ಪೆಟ್ಟು, ಮುಂಗಾಲು ಎತ್ತಿದರೆ ಎದೆಗೆ ಪೆಟ್ಟು. ಉಳಿದ ಒಂದೇ ಜಾಗ ಭುಜದ ಪಕ್ಕ. ಅಲ್ಲಿ ನಿಂತವನು ಕುದುರೆಯ ಕಣ್ಣಿಗೆ ಪೂರ್ತಿ ಕಾಣುತ್ತಾನೆ, ಮುಂಗಾಲಿನ ದಾರಿಯಲ್ಲೂ ಇರುವುದಿಲ್ಲ, ಹಿಂಗಾಲಿಗೂ ಎಟುಕುವುದಿಲ್ಲ. ನಾನೂರೈನೂರು ಕಿಲೋ ತೂಕದ ಪ್ರಾಣಿಯ ಸುತ್ತ ಮನುಷ್ಯ ಕಂಡುಕೊಂಡ ಸುರಕ್ಷಿತ ಜಾಗ ಇಷ್ಟೇ.

ಇದನ್ನು ಬರಹದಲ್ಲಿ ಹಿಡಿದಿಟ್ಟ ಹಳಬರಲ್ಲಿ ಗ್ರೀಸಿನ ಜೆನೊಫೋನ್ ಒಬ್ಬ. ಸೈನಿಕನೂ ಸವಾರನೂ ಆಗಿದ್ದ ಆತ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಕುದುರೆ ಸವಾರಿಯ ಮೇಲೊಂದು ಸಣ್ಣ ಪುಸ್ತಕ ಬರೆದ. ಅದರಲ್ಲಿ ಲಾಯದ ಆಳಿಗೆ ಬೇಕಾದ ಮಾತುಗಳೂ ಇವೆ. ಕುದುರೆಯನ್ನು ಬೆನ್ನ ಹಿಂದೆ ಎಳೆದುಕೊಂಡು ಹೋಗಬೇಡ, ಅದು ಏನು ಮಾಡುತ್ತಿದೆ ಎಂಬುದೇ ನಿನಗೆ ಕಾಣುವುದಿಲ್ಲ, ಮುಂದೆ ಬಿಟ್ಟುಕೊಂಡೂ ಹೋಗಬೇಡ, ಪಕ್ಕದಲ್ಲಿ ನಡೆಸು. ಕಾಲು ಉಜ್ಜುವಾಗ ಕುದುರೆ ನೋಡುವ ದಿಕ್ಕಿಗೇ ಮುಖ ಮಾಡಿ ಕೂರಬೇಡ. ಕೋಪ ಬಂದಾಗ ಅದರ ಬಳಿ ಹೋಗಲೇಬೇಡ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಈ ಮಾತುಗಳನ್ನು ಇಂದಿನ ಯಾವುದೇ ಸವಾರಿ ಶಾಲೆಯ ಗೋಡೆಗೆ ಹಾಗೆಯೇ ಬರೆದು ಹಾಕಬಹುದು.

ನಮ್ಮಲ್ಲಿ ಅಶ್ವಶಾಸ್ತ್ರದ ಪರಂಪರೆಗೆ ಕೊರತೆಯಿರಲಿಲ್ಲ. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನ, ನಕುಲನ ಹೆಸರಿನ ಗ್ರಂಥಗಳಿವೆ. ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಕುದುರೆಯ ವಿಚಾರ ವಿಸ್ತಾರವಾಗಿದೆ. ಬಯಲಿನಲ್ಲಿ ಕುದುರೆಯೇರಿ ಆಡುವ ವಾಹ್ಯಾಳಿಯೂ ಅಲ್ಲಿದೆ. ಕನ್ನಡದಲ್ಲೂ 1400ರ ಸುಮಾರಿನ ಅಭಿನವಚಂದ್ರನ ಅಶ್ವವೈದ್ಯವಿದೆ. ಈ ಬಗೆಯ ಗ್ರಂಥಗಳಲ್ಲಿ ದೊಡ್ಡ ಜಾಗ ಪಡೆಯುವುದು ಕುದುರೆಯ ಬಣ್ಣ, ಮೈಮೇಲಿನ ಸುಳಿ, ಹಲ್ಲಿನಿಂದ ವಯಸ್ಸು ತಿಳಿಯುವ ಬಗೆ, ನಡೆಯ ಭೇದ, ರೋಗ ಮತ್ತು ಮದ್ದು. ಕೊಳ್ಳುವ ದೊರೆಗೆ, ಏರುವ ವೀರನಿಗೆ, ಮದ್ದು ಕೊಡುವ ವೈದ್ಯನಿಗೆ ಬೇಕಾದ ಜ್ಞಾನ ಅದು.

ಸುಳಿಯ ಮಾತನ್ನೇ ನೋಡಿ. ಇಂಥ ಕಡೆ ಸುಳಿಯಿದ್ದ ಕುದುರೆ ಒಡೆಯನಿಗೆ ಕೇಡು ಎಂಬ ನಂಬಿಕೆ ಶಾಸ್ತ್ರದಲ್ಲೂ ಇದೆ, ಜನರಲ್ಲೂ ಇದೆ. ಪೆಟ್ಟಾದರೆ ಅದು ಕುದುರೆಯ ಹಣೆಬರಹದ ತಪ್ಪು ಎಂದು ಹೇಳಿ ಮುಗಿಸಲು ಇದು ಅನುಕೂಲ. ಲಾಯದವನು ಸುಳಿಯನ್ನು ನಂಬಿ ಬದುಕಲಾರ. ಅವನು ಕಿವಿ ನೋಡುತ್ತಾನೆ. ಕಿವಿ ಹಿಂದಕ್ಕೆ ಮಲಗಿ ಕತ್ತಿಗೆ ಅಂಟಿದರೆ ಸಿಟ್ಟು. ಎರಡೂ ಕಿವಿ ಒಂದೇ ಕಡೆ ನೆಟ್ಟಗೆ ನಿಂತರೆ ಅಲ್ಲೇನೋ ಕಂಡಿದೆ, ಬೆಚ್ಚಬಹುದು. ಬಾಲ ರಪರಪ ಬಡಿದರೆ, ಒಂದು ಹಿಂಗಾಲಿನ ಭಾರ ತೆಗೆದು ಹಿಂಭಾಗವನ್ನು ನಿನ್ನ ಕಡೆಗೆ ತಿರುಗಿಸಿದರೆ ಜಾಗ ಬಿಡು. ಕಣ್ಣಿನ ಬಿಳಿ ಕಂಡರೆ ಭಯ. ಇವೆಲ್ಲ ಗಳಿಗೆಗಳಿಗೆ ಬದಲಾಗುವ ಅಕ್ಷರಗಳು. ಅವನ್ನು ಓದಲು ಬಾರದವನನ್ನು ಯಾವ ಶುಭಸುಳಿಯೂ ಉಳಿಸುತ್ತಿರಲಿಲ್ಲ.

ನಮ್ಮ ಕಥೆಗಳಲ್ಲೂ ಲಾಯಕ್ಕೆ ಒಂದು ವಿಶೇಷ ಜಾಗವಿದೆ. ಅಜ್ಞಾತವಾಸದಲ್ಲಿ ಪಾಂಡವರು ಗುರುತು ಮರೆಸಿಕೊಳ್ಳಬೇಕಾದಾಗ ನಕುಲ ಗ್ರಂಥಿಕನೆಂಬ ಹೆಸರಿನಲ್ಲಿ ವಿರಾಟನ ಕುದುರೆ ನೋಡಿಕೊಳ್ಳುವವನಾಗುತ್ತಾನೆ. ರಾಜ್ಯ ಕಳೆದುಕೊಂಡು ರೂಪಗೆಟ್ಟ ನಳ ಬಾಹುಕನಾಗಿ ಋತುಪರ್ಣನ ಲಾಯ ಸೇರುತ್ತಾನೆ. ಕನಕದಾಸರ ನಳಚರಿತ್ರೆ ಆ ಕಥೆಯನ್ನು ಕನ್ನಡದ ಮನೆಮನೆಗೆ ಮುಟ್ಟಿಸಿತು. ಇಬ್ಬರು ಅರಸುಮಕ್ಕಳು ಅಡಗಲು ಲಾಯವನ್ನೇ ಆರಿಸಿದ್ದೇಕೆ? ಇಬ್ಬರಿಗೂ ಕುದುರೆಯ ವಿದ್ಯೆ ಗೊತ್ತಿತ್ತು ಎಂಬುದು ಕಥೆ ಕೊಡುವ ಉತ್ತರ. ಕಥೆ ಬಾಯಿಬಿಟ್ಟು ಹೇಳದ ಇನ್ನೊಂದು ಉತ್ತರವೂ ಇದೆ ಅನಿಸುತ್ತದೆ: ಕುದುರೆ ಹಿಡಿದವನ ಮುಖವನ್ನು ಯಾರೂ ನೋಡುವುದಿಲ್ಲ.

ಲಕ್ಷ್ಮೀಶನ ಜೈಮಿನಿ ಭಾರತದ ಲವನನ್ನು ಶಾಲೆಯ ಪದ್ಯಪಾಠದಲ್ಲಿ ಓದಿದವರು ಬಹಳ ಮಂದಿ. ಯಜ್ಞದ ಕುದುರೆ ಆಶ್ರಮದ ತೋಟಕ್ಕೆ ನುಗ್ಗುತ್ತದೆ. ಜೊತೆಯ ಹುಡುಗರು ಬೇಡವೆಂದರೂ ಕೇಳದೆ ಲವ ತನ್ನ ಉತ್ತರೀಯದಿಂದ ಅದನ್ನು ಬಾಳೆಯ ಗಿಡಕ್ಕೆ ಕಟ್ಟುತ್ತಾನೆ. ಹುಡುಗನ ಕೆಚ್ಚು ನಮಗೆ ಹಿಡಿಸುತ್ತದೆ. ಕುದುರೆ ಸಾಕಿದವರು ಆ ಪದ್ಯ ಕೇಳಿದರೆ ಮೊದಲು ಬಾಳೆಗಿಡವನ್ನು ನೆನೆದು ಗಾಬರಿಯಾಗಬಹುದು. ಬೆದರಿದ ಕುದುರೆ ಹಿಂದಕ್ಕೆ ಜಗ್ಗಿದರೆ ಬಾಳೆ ಬುಡಸಮೇತ ಕಿತ್ತುಬರುತ್ತದೆ. ಕತ್ತಿಗೆ ತೂಗುಬಿದ್ದ ಗಿಡ ಹಿಂದೆ ಹಿಂದೆ ಬರುತ್ತಿದ್ದರೆ ಕುದುರೆಯ ಭಯ ಇಮ್ಮಡಿಯಾಗುತ್ತದೆ, ಎದುರಿಗೆ ಸಿಕ್ಕವರನ್ನು ತುಳಿದು ಓಡುತ್ತದೆ. ಅದಕ್ಕೇ ಲಾಯದಲ್ಲಿ ಅಲುಗದ ಕಂಬಕ್ಕೋ ಗೋಡೆಯ ಬಳೆಗೋ ಕಟ್ಟುತ್ತಾರೆ. ಒಂದು ತುದಿ ಎಳೆದರೆ ಥಟ್ಟನೆ ಬಿಚ್ಚಿಕೊಳ್ಳುವ ಗಂಟು ಹಾಕುತ್ತಾರೆ. ಕಾಲು ಸಿಕ್ಕಿಕೊಳ್ಳುವಷ್ಟು ಉದ್ದ ಹಗ್ಗ ಬಿಡುವುದಿಲ್ಲ. ಕಾವ್ಯದಲ್ಲಿ ಲವ ಗೆದ್ದ. ಲಾಯದಲ್ಲಿ ಅವನಿಗೆ ಬೈಗುಳ ಖಂಡಿತ.

ಬೆಂಗಳೂರಿಗೆ ಬ್ರಿಟಿಷರ ದಂಡು ಬಂದ ಮೇಲೆ ಇಲ್ಲಿ ಲಾಯಗಳು ಊರಿನಷ್ಟೇ ಬೆಳೆದವು. 1896ರಲ್ಲಿ ನಾಲ್ಕನೆಯ ಹುಸಾರ್ ದಳದ ತರುಣ ಅಧಿಕಾರಿಯಾಗಿ ಬಂದ ವಿನ್‌ಸ್ಟನ್ ಚರ್ಚಿಲ್ ಪೋಲೋ ಆಡುತ್ತಾ ಇಲ್ಲಿ ಕಾಲ ಕಳೆದ. ಬಟ್ಟೆಯನ್ನು ಉಡುಪಿನ ಆಳಿಗೆ, ಕುದುರೆಗಳನ್ನು ಸೈಸನಿಗೆ, ಹಣವನ್ನು ಬಟ್ಲರನಿಗೆ ಒಪ್ಪಿಸಿಬಿಟ್ಟರೆ ಮುಂದೆ ಯಾವ ಚಿಂತೆಯೂ ಇರಲಿಲ್ಲ ಎಂದು 1930ರಲ್ಲಿ ಬಂದ ಆತ್ಮಕಥೆಯಲ್ಲಿ ನೆನೆಯುತ್ತಾನೆ. ಆ ಸೈಸನ ಹೆಸರು ಆ ಮಾತಿನಲ್ಲಿ ಇಲ್ಲ. ಒಂದು ಕುದುರೆಗೆ ಒಬ್ಬ ಸೈಸ, ಜೊತೆಗೆ ಹುಲ್ಲು ಕೊಯ್ದು ತರಲು ಇನ್ನೊಬ್ಬರು ಎಂಬುದು ಆ ಕಾಲದ ದಕ್ಷಿಣದ ಪದ್ಧತಿ. ಹುಲ್ಲು ತರುವವಳು ಎಷ್ಟೋ ಕಡೆ ಸೈಸನ ಹೆಂಡತಿಯೇ. ದಿನವಿಡೀ ಒಂದೇ ಕುದುರೆಯ ಜೊತೆಗಿದ್ದು ಅದರ ಸಿಟ್ಟು, ಅಂಜಿಕೆ, ಕಳ್ಳಾಟ ಎಲ್ಲ ಬಲ್ಲವರು ಅವರು. ಬೆನ್ನ ಮೇಲೆ ಒಂದೆರಡು ಗಂಟೆ ಕೂರುತ್ತಿದ್ದ ಸಾಹೇಬನ ಸುರಕ್ಷತೆ ಅವರ ತಿಳುವಳಿಕೆಯ ಮೇಲೆ ನಿಂತಿತ್ತು.

ಉತ್ತರ ಬೆಂಗಳೂರಿನಲ್ಲಿ, ಆರ್.ಟಿ. ನಗರಕ್ಕೆ ಹತ್ತಿರದ ಜೆ.ಸಿ. ನಗರದ ಬಳಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೈಸೂರು ಸಂಸ್ಥಾನದ ಈ ಅಶ್ವದಳ 1892ರಲ್ಲಿ ರೂಪುಗೊಂಡಿತು. ಮೊದಲ ಮಹಾಯುದ್ಧದಲ್ಲಿ ಈಜಿಪ್ಟು, ಪ್ಯಾಲೆಸ್ಟೈನುಗಳಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದುಕೊಂಡದ್ದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿನ ತೋಪುಗಳನ್ನು ಹಿಡಿಯಿತು. ಆ ದಿನ ಸತ್ತ ಸೈನಿಕರು ಎಂಟು ಮಂದಿ, ಗಾಯಗೊಂಡವರು ಮೂವತ್ತನಾಲ್ಕು. ಸತ್ತ ಕುದುರೆಗಳು ಅರವತ್ತು, ಗಾಯಗೊಂಡವು ಎಂಬತ್ತಮೂರು. ಸತ್ತ ಒಬ್ಬೊಬ್ಬ ಸೈನಿಕನಿಗೆ ಏಳಕ್ಕಿಂತ ಹೆಚ್ಚು ಕುದುರೆಗಳು ಬಿದ್ದವು.

ಆ ಕಾಲದ ಅಶ್ವದಳಗಳಲ್ಲಿ ಒಂದು ನಿಯಮವಿತ್ತು. ಇಳಿದು ಬಂದೂಕು ಹಿಡಿದು ಕಾದಾಡಬೇಕಾದರೆ ನಾಲ್ವರಲ್ಲಿ ಮೂವರು ಮುಂದೆ ಹೋಗುತ್ತಾರೆ, ನಾಲ್ಕನೆಯವನು ನಾಲ್ಕೂ ಕುದುರೆಗಳನ್ನು ಹಿಡಿದು ಹಿಂದೆ ನಿಲ್ಲುತ್ತಾನೆ. ಪದಕಗಳ ಕಥೆಯಲ್ಲಿ ಈ ನಾಲ್ಕನೆಯವನು ಅಷ್ಟಾಗಿ ಬರುವುದಿಲ್ಲ. ಗುಂಡಿನ ಸದ್ದಿಗೆ ಒಂದು ಕುದುರೆ ಹಿಂದಕ್ಕೆ ಜಗ್ಗುತ್ತದೆ, ಇನ್ನೊಂದು ಸುತ್ತುತ್ತದೆ, ಮೂರನೆಯದು ಪಕ್ಕದ್ದನ್ನು ಕಚ್ಚುತ್ತದೆ. ಅವನ ಕೈಯಿಂದ ಲಗಾಮು ಜಾರಿದರೆ ಮುಂದೆ ಹೋದ ಮೂವರೂ ಕಾಲುನಡಿಗೆಯವರಾಗಿ ಶತ್ರುವಿನ ಎದುರು ಉಳಿಯುತ್ತಾರೆ. ಹಗ್ಗವನ್ನಾಗಲಿ ಲಗಾಮನ್ನಾಗಲಿ ಕೈಗೆ ಸುತ್ತಿಕೊಳ್ಳಬಾರದು, ಮಡಿಸಿ ಮುಷ್ಟಿಯಲ್ಲಿ ಹಿಡಿಯಬೇಕು ಎಂಬುದು ಕುದುರೆಯವರ ಹಳೆಯ ಪಾಠ. ಸುತ್ತಿಕೊಂಡ ಕುಣಿಕೆ ಕುದುರೆ ಓಡಿದರೆ ಬಿಗಿದು ಬೆರಳನ್ನೇ ತುಂಡರಿಸಬಹುದು, ಮನುಷ್ಯನನ್ನು ಎಳೆದೊಯ್ಯಬಹುದು. ಶಾಂತಿಕಾಲದ ಲಾಯದಲ್ಲಿ ಸಣ್ಣದೆನಿಸುವ ಈ ಮಾತು ಅಲ್ಲಿ ನಾಲ್ಕು ಜನರ ಪ್ರಾಣದ ಮಾತು. ಸ್ವಾತಂತ್ರ್ಯದ ನಂತರ, 1953ರಲ್ಲಿ ರೂಪುಗೊಂಡ 61ನೆಯ ಅಶ್ವದಳದಲ್ಲಿ ಮೈಸೂರು ಲ್ಯಾನ್ಸರ್ಸ್ ಸೇರಿಹೋಯಿತು.

ಜನಸಾಮಾನ್ಯರ ಕುದುರೆ ಬೇರೆಯಿತ್ತು: ಜಟಕಾದ್ದು. ಬಾಗಲಗುಂಟೆಯಿಂದ ತುಮಕೂರು ರಸ್ತೆಗೆ ಬಂದರೆ ದಾಸರಹಳ್ಳಿಯ ಬಳಿಯ ನಿಲ್ದಾಣವನ್ನು ಈಗಲೂ ಜನ ಎಂಟನೇ ಮೈಲಿ ಎನ್ನುತ್ತಾರೆ. ಮೈಲಿಗಲ್ಲಿನ ಲೆಕ್ಕ ಹೋಗಿ ಕಿಲೋಮೀಟರ್ ಬಂತು, ಮೇಲ್ಸೇತುವೆ ಬಂತು, ಮೆಟ್ರೋ ಬಂತು, ಹೆಸರು ಉಳಿಯಿತು. ಎಂಟು ಮೈಲಿ ಎಂದರೆ ಒಳ್ಳೆಯ ಓಟದ ಕುದುರೆಗೆ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಕುಂಟೆ, ಗುಂಟೆ ಎಂದು ಕೊನೆಯಾಗುವ ಊರ ಹೆಸರುಗಳು ಈ ಸೀಮೆಯಲ್ಲಿ ನೀರಿನ ಗುರುತುಗಳು. ದಾರಿಯಲ್ಲಿ ಕುದುರೆಗೂ ಎತ್ತಿಗೂ ಮೊದಲು ಬೇಕಾದದ್ದು ಅದೇ.

ಡಿ.ವಿ.ಜಿ.ಯವರು 1943ರಲ್ಲಿ ಪ್ರಕಟವಾದ ಮಂಕುತಿಮ್ಮನ ಕಗ್ಗದಲ್ಲಿ ಬದುಕನ್ನು ಜಟಕಾ ಬಂಡಿಗೆ ಹೋಲಿಸಿ, ವಿಧಿಯನ್ನು ಅದರ ಸಾಹೇಬನನ್ನಾಗಿ, ನಮ್ಮನ್ನು ಕುದುರೆಯನ್ನಾಗಿ ಮಾಡಿದರು. ಓದುಗರಿಗೆ ಅದು ತಟ್ಟನೆ ಹಿಡಿದದ್ದು ಅಂದಿನ ಬೀದಿಯಲ್ಲಿ ಆ ಬಂಡಿ ಓಡುತ್ತಿದ್ದುದರಿಂದ. ಜಟಕಾ ಕುದುರೆಯ ಕಣ್ಣಿಗೆ ಪಕ್ಕದ್ದು ಕಾಣದಂತೆ ಪಟ್ಟಿ ಕಟ್ಟುತ್ತಾರೆ. ಸುತ್ತಲೂ ನೋಡುತ್ತಾ ಹುಷಾರಾಗಿರುವ ಪ್ರಾಣಿಗೆ ಮುಂದಿನ ದಾರಿ ಮಾತ್ರ ಉಳಿಯುತ್ತದೆ. ಆಗ ಅದಕ್ಕೆ ಲೋಕವೆಂದರೆ ಹಿಂದಿನಿಂದ ಬರುವ ದನಿ. ಹಾಗಾಗಿ ಜಟಕಾದವನು ಮಾತಾಡುತ್ತಲೇ ಇರಬೇಕು. ಅವನ ಹೈ ಹೈ ಬರೀ ಓಡಿಸುವ ಕೂಗಲ್ಲ. ನಾನು ಇಲ್ಲಿದ್ದೇನೆ, ಗೊತ್ತಿರಲಿ ಎಂಬ ಸೂಚನೆಯೂ ಹೌದು. ಕುದುರೆಯ ಹಿಂದೆ ಹಾಯಲೇಬೇಕಾದಾಗ ಎರಡೇ ದಾರಿ: ಹತ್ತು ಮೊಳ ದೂರದಿಂದ ಸುತ್ತಿ ಹೋಗಬೇಕು, ಇಲ್ಲವೇ ಮಾತಾಡುತ್ತಾ ಬೆನ್ನಿನ ಮೇಲೆ ಕೈ ಸವರುತ್ತಾ ಮೈಗೆ ಮೈ ತಾಗುವಷ್ಟು ಹತ್ತಿರದಿಂದ ಹಾಯಬೇಕು. ಹತ್ತಿರದಲ್ಲಿ ಒದೆಗೆ ಬೀಸು ಸಿಗುವುದಿಲ್ಲ, ತಳ್ಳಿದಂತಾಗಿ ಮುಗಿಯುತ್ತದೆ. ಮೂಳೆ ಮುರಿಯುವುದು ನಡುವಿನ ಮೂರು ನಾಲ್ಕು ಅಡಿ ದೂರದಲ್ಲಿ. ಧೈರ್ಯವೂ ಇಲ್ಲದೆ ಭಯವೂ ಸಾಲದೆ ಹೆಚ್ಚಿನವರು ನಿಲ್ಲುವುದು ಅಲ್ಲೇ.

1940ರಲ್ಲಿ ನಗರದ ಬಸ್ಸು ಕಂಪನಿ ಬಂತು, ಮುಂದೆ ಆಟೋಗಳು ಬಂದವು, ಜಟಕಾ ನಿಲ್ದಾಣಗಳು ಒಂದೊಂದಾಗಿ ಖಾಲಿಯಾದವು. ಬೀದಿಯಲ್ಲಿ ನಿಂತ ಕುದುರೆಯ ಹಿಂದೆ ಹೋಗಬೇಡವೋ ಎಂದು ಮಕ್ಕಳನ್ನು ತಡೆಯುವ ಮಾತೂ ಮನೆಗಳಿಂದ ಮರೆಯಾಯಿತು. ಕುದುರೆಯ ಹಿಂದೆ, ದೊರೆಯ ಮುಂದೆ ನಿಲ್ಲಬೇಡ ಎಂಬ ಅರ್ಥದ ಗಾದೆಗಳು ಭಾರತದ ಹಲವು ಭಾಷೆಗಳಲ್ಲಿವೆ. ಈಗ ಅವು ಆಫೀಸಿನ ತಮಾಷೆಗಳಾಗಿವೆ. ಕುದುರೆ ಬರೀ ಉಪಮೆಯಾಗಿ ಉಳಿದಿದೆ.

ಆದರೆ ಕುದುರೆ ಊರು ಬಿಟ್ಟುಹೋಗಿಲ್ಲ. ರೇಸ್‌ಕೋರ್ಸಿನ ಲಾಯಗಳಿವೆ. ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಆಚೆ ಎಂಬಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ಇದೆ. ಅದರ ಜೊತೆ ಬೆಳೆದ ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ಗೂ ಹೋಗಿ ಬಂದರು. ಉತ್ತರ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮಕ್ಕಳು ಶನಿವಾರ ಭಾನುವಾರ ಸವಾರಿ ಕಲಿಯಲು ಹೋಗುತ್ತಾರೆ. ಬಾಗಲಗುಂಟೆ, ದಾಸರಹಳ್ಳಿಯಂಥ ಕಡೆ ಮದುವೆಯ ಮೆರವಣಿಗೆಗೆ, ಉತ್ಸವಕ್ಕೆ ಬಾಡಿಗೆ ಕುದುರೆ ಬರುತ್ತದೆ. ಅಂದರೆ ಕುದುರೆಯ ಬಳಿ ಹೋಗುವವರು ಇದ್ದಾರೆ. ಅದರ ಬಳಿ ನಿಲ್ಲುವುದು ಹೇಗೆಂದು ಮನೆಯಲ್ಲಿ ಹೇಳಿಕೊಡುವವರು ಇಲ್ಲ.

ಮೆರವಣಿಗೆಯ ಕುದುರೆಯ ಪಾಡು ಎಲ್ಲಕ್ಕಿಂತ ಕಷ್ಟದ್ದು. ಕಿರಿದಾದ ಅಡ್ಡರಸ್ತೆ, ಎರಡೂ ಕಡೆ ನಿಂತ ಬೈಕುಗಳು, ಎದೆ ನಡುಗಿಸುವ ತಮಟೆ, ಡಿಜೆ, ಕಾಲ ಬಳಿಯೇ ಪಟಾಕಿ, ಮುಖದ ಮುಂದೆ ಮೊಬೈಲಿನ ಬೆಳಕು, ಹಿಂದೆ ಕುಣಿಯುವ ಹುಡುಗರು. ಓಡಿ ಪಾರಾಗುವುದೇ ಸ್ವಭಾವವಾದ ಪ್ರಾಣಿಗೆ ಓಡಲು ದಾರಿಯಿಲ್ಲ. ದಾರಿ ಮುಚ್ಚಿದಾಗಲೇ ಅದು ಒದೆಯುವುದು. ಹಗ್ಗ ಹಿಡಿದು ಅದರ ಭುಜದ ಬಳಿ ನಡೆಯುವವನಿಗೆ ಇದು ಗೊತ್ತು. ಅವನ ಮಾತು ಆ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ದಿನಗೂಲಿಯ ಅವನು ಮದುವೆ ಮನೆಯವರಿಗೆ ಪಟಾಕಿ ನಿಲ್ಲಿಸಿ ಎಂದು ಹೇಳುವ ಸ್ಥಿತಿಯಲ್ಲೂ ಇರುವುದಿಲ್ಲ. ಕುದುರೆ ಬೆದರಿದರೆ ಮೊದಲ ಪೆಟ್ಟು ಅವನಿಗೆ, ಎರಡನೆಯದು ಹಿಂದೆ ನಿಂತ ಮಗುವಿಗೆ. ಕೊನೆಗೆ ಕುದುರೆ ಪೊಗರಿನದು ಎಂಬ ಹೆಸರು.

ಸದ್ದಿಗೆ ಕುದುರೆಯನ್ನು ಒಗ್ಗಿಸಲು ಆಗುವುದಿಲ್ಲವೇ? ಆಗುತ್ತದೆ. ಮೈಸೂರಿನಲ್ಲಿ ಪ್ರತಿವರ್ಷ ದಸರೆಗೆ ಮುಂಚೆ ಆನೆಗಳ ಜೊತೆಗೆ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳನ್ನೂ ನಿಲ್ಲಿಸಿ ಕುಶಾಲತೋಪಿನ ತಾಲೀಮು ನಡೆಸುತ್ತಾರೆ. ಜಂಬೂಸವಾರಿಯ ದಿನದ ಇಪ್ಪತ್ತೊಂದು ತೋಪುಗಳ ಸದ್ದು ಅವಕ್ಕೆ ಹೊಸದಾಗಿರಬಾರದು ಎಂಬುದಷ್ಟೇ ಉದ್ದೇಶ. ತಾಲೀಮು ಒಂದೇ ದಿನಕ್ಕೆ ಮುಗಿಯುವುದಿಲ್ಲ, ಮತ್ತೆ ಮತ್ತೆ ನಡೆಯುತ್ತದೆ. ಪಕ್ಕದಲ್ಲಿ ಗುರುತಿನ ಮನುಷ್ಯ, ಗುರುತಿನ ದನಿ ಇರುತ್ತದೆ. ನಾಲ್ಕು ಗಂಟೆಯ ಬಾಡಿಗೆಗೆ ಬಂದ ಕುದುರೆಗೆ ಅಂಥ ತಾಲೀಮು ಎಲ್ಲಿಂದ ಬರಬೇಕು?

ಇಷ್ಟನ್ನೆಲ್ಲ ಓದಿದ ಮೇಲೆ ಯಾರಾದರೂ ಸವಾರಿ ಕಲಿಯಲು ಹೋದರೆ, ಒಳ್ಳೆಯ ಶಾಲೆ ಮೊದಲು ಬೆನ್ನ ಮೇಲೆ ಕೂರಿಸುವುದಿಲ್ಲ ಎಂಬುದನ್ನು ಗಮನಿಸಲಿ. ಮೊದಲ ಪಾಠ ನೆಲದ ಮೇಲೆ. ತಲೆಗೆ ಹೆಲ್ಮೆಟ್, ಕಾಲಿಗೆ ಗಟ್ಟಿ ಬೂಟು. ಚಪ್ಪಲಿಯ ಕಾಲಿನ ಮೇಲೆ ಲಾಳದ ಗೊರಸು ಬಿದ್ದರೆ ಆಮೇಲೆ ಹೇಳುವುದೇನೂ ಉಳಿಯುವುದಿಲ್ಲ. ಹತ್ತಿರ ಹೋಗುವ ಮೊದಲೇ ಮಾತಾಡಿಸು. ಎದುರಿನಿಂದಲೂ ಹಿಂದಿನಿಂದಲೂ ಬೇಡ, ಎಡ ಭುಜದ ಕಡೆಯಿಂದ ಹೋಗು. ಎಡಸೊಂಟಕ್ಕೆ ಕತ್ತಿ ಕಟ್ಟಿದ ಸೈನಿಕ ಎಡಗಡೆಯಿಂದಲೇ ಹತ್ತಬೇಕಿತ್ತು, ಹಾಗಾಗಿ ಕುದುರೆಗಳಿಗೂ ಎಡವೇ ರೂಢಿಯಾಯಿತು ಎನ್ನುವುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಕತ್ತಿ ಹೋಗಿ ನೂರು ವರ್ಷವಾದರೂ ಬದಿ ಬದಲಾಗಿಲ್ಲ. ತಿನ್ನಲು ಕೊಡುವಾಗ ಅಂಗೈ ಚಪ್ಪಟೆಯಾಗಿ ಹಿಡಿ, ಬೆರಳು ಮಡಿಸಬೇಡ. ಕಟ್ಟಿದ ಕುದುರೆಯ ಕತ್ತಿನ ಕೆಳಗೆ ನುಸುಳಬೇಡ. ಅದರ ಕಾಲ ಬಳಿ ಮಂಡಿಯೂರಿ ಕೂರಬೇಡ, ಏಳಲು ಬರುವಂತೆ ಬಗ್ಗು. ಗೋಡೆಗೂ ಕುದುರೆಗೂ ನಡುವೆ ಸಿಕ್ಕಿಕೊಳ್ಳಬೇಡ. ತಿರುಗಿಸುವಾಗ ನಿನ್ನ ಕಡೆಗೆ ಎಳೆಯದೆ ಆಚೆಗೆ ತಿರುಗಿಸು. ಆಗ ಅದರ ಗೊರಸು ನಿನ್ನ ಪಾದದಿಂದ ದೂರ ಹೋಗುತ್ತದೆ. ಬಯಲಿಗೆ ಬಿಡುವಾಗ ಅದರ ಮುಖವನ್ನು ಗೇಟಿನ ಕಡೆಗೆ ತಿರುಗಿಸಿ ನಿಲ್ಲಿಸಿ, ಆಮೇಲೆ ಹಗ್ಗ ಬಿಚ್ಚು. ಖುಷಿಗೆ ಹಿಂಗಾಲು ಹಾರಿಸಿದರೂ ಆಗ ನೀನು ಹಿಂದೆ ಇರುವುದಿಲ್ಲ. ಲಾಯದಲ್ಲಿ ಸಣ್ಣ ಗಾಯವಾದರೂ ಧನುರ್ವಾಯುವಿನ ಲಸಿಕೆ ನೆನಪಿರಲಿ; ಆ ರೋಗಾಣು ಮಣ್ಣಿನಲ್ಲೂ ಕುದುರೆಯ ಲದ್ದಿಯಲ್ಲೂ ಇರುತ್ತದೆ.

ಇವುಗಳಲ್ಲಿ ಒಂದು ಮಾತೂ ಹೊಸದಲ್ಲ. ಪ್ರತಿಯೊಂದರ ಹಿಂದೆಯೂ ಯಾರದೋ ಪಕ್ಕೆಲುಬಿದೆ, ಯಾರದೋ ಬೆರಳಿದೆ. ಸಾವಿರದ ಆರುನೂರು ಮಂದಿ ಹಂಪೆಯ ಲಾಯಗಳಲ್ಲಿ, ಅವರಂಥವರು ದಂಡಿನ ಲಾಯಗಳಲ್ಲಿ, ಜಟಕಾ ನಿಲ್ದಾಣಗಳಲ್ಲಿ ಇದನ್ನು ಮೈಮೇಲೆ ಕಲಿತು ಮಗನಿಗೆ, ಅಳಿಯನಿಗೆ, ಪಕ್ಕದ ಹುಡುಗನಿಗೆ ದಾಟಿಸಿದರು. ಇಂದು ಸವಾರಿ ಶಾಲೆಯ ಹಲಗೆಯ ಮೇಲೆ ಅಚ್ಚಾಗಿರುವುದು ಅವರ ವಿದ್ಯೆಯೇ. ಶಾಲೆಯಲ್ಲಿ ಕುದುರೆ ಹಿಡಿದು ನಿಂತ ಸೈಸನ ಬಳಿ ಅದರ ಉಳಿದ ಭಾಗ ಇನ್ನೂ ಇದೆ: ಈ ಕುದುರೆಗೆ ಕಿವಿ ಮುಟ್ಟಿದರೆ ಆಗದು, ಆ ಕುದುರೆ ಛತ್ರಿ ಕಂಡರೆ ಹಾರುತ್ತದೆ, ಇದು ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ಅದು ಯಾವ ಹಲಗೆಯ ಮೇಲೂ ಇರುವುದಿಲ್ಲ. ಮಗುವನ್ನು ಸವಾರಿಗೆ ಕರೆದೊಯ್ದ ತಂದೆತಾಯಿ ಕೋಚ್ ಜೊತೆ ಮಾತಾಡಿದ ಮೇಲೆ ಐದು ನಿಮಿಷ ಆ ಮನುಷ್ಯನ ಜೊತೆಗೂ ಮಾತಾಡಲಿ. ಹೆಸರು ಕೇಳಿ ತಿಳಿದುಕೊಳ್ಳಲಿ. ಆಮೇಲೆ, ನಾವು ಎಲ್ಲಿ ನಿಲ್ಲಬೇಕಣ್ಣ ಎಂದು ಕೇಳಲಿ.